ಹತ್ತು ಚೌಕ, ಏಳು ಸೊನ್ನೆ

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆಲ್ಲ ಪ್ರಾಕ್ಟಿಕಲ್ ತರಗತಿಯ ಒಂದು ಮಾತು ಚೆನ್ನಾಗಿ ನೆನಪಿರುತ್ತದೆ: ‘ಸರ್, ರೀಡಿಂಗ್ ಬರಲಿಲ್ಲ.’ ನಿಜ ಹೇಳಬೇಕೆಂದರೆ ರೀಡಿಂಗ್ ಬಂದೇ ಇರುತ್ತದೆ, ಬೇಕಾದ್ದು ಬಂದಿರುವುದಿಲ್ಲ ಅಷ್ಟೆ. ಮುಂದೇನಾಗುತ್ತದೆ ಎನ್ನುವುದೂ ಎಲ್ಲರಿಗೂ ಗೊತ್ತು. ಹಿಂದಿನ ವರ್ಷದವರ ರೆಕಾರ್ಡ್ ಬುಕ್ ಎಲ್ಲಿಂದಲೋ ಬರುತ್ತದೆ, ರೀಡಿಂಗ್ ‘ಹೊಂದುತ್ತದೆ’, ಕೆಂಪು ಶಾಯಿಯ ಸಹಿ ಬೀಳುತ್ತದೆ. ಭೌತಶಾಸ್ತ್ರದ ಲೋಲಕದಲ್ಲಿ ಹೀಗೆ ಮಾಡಿದರೆ ಒಂದು ಸ್ಥಿರಾಂಕ ತುಸು ಅತ್ತಿತ್ತ ಆದೀತು. ಜೀವಶಾಸ್ತ್ರದಲ್ಲಿ ನಷ್ಟ ದೊಡ್ಡದು. ಒಂದು ಗಿಡಕ್ಕೂ ಇನ್ನೊಂದು ಗಿಡಕ್ಕೂ, ಒಬ್ಬರ ಜೊಲ್ಲಿಗೂ ಇನ್ನೊಬ್ಬರ ಜೊಲ್ಲಿಗೂ ಇರುವ ವ್ಯತ್ಯಾಸವೇ ಈ ಶಾಸ್ತ್ರದ ಹೂರಣ. ರೀಡಿಂಗ್ ಹೊಂದಿಸುವಾಗ ಮೊದಲು ಅಳಿಸಿಹೋಗುವುದೂ ಅದೇ.

ಶಾಲೆಯ ಜೀವಶಾಸ್ತ್ರ ಪ್ರಯೋಗಗಳಿಂದ ಬರುವ ಅಂಕಿಗಳನ್ನು ಹೇಗೆ ಓದಬೇಕು ಎಂಬ ಪ್ರಶ್ನೆಯನ್ನು ಇಲ್ಲಿ ಕತಾರ್‌ನ ಉತ್ತರ ತುದಿಯಿಂದ ನೋಡುತ್ತಿದ್ದೇನೆ. ಅಲ್ ಶಮಾಲ್ ಎಂದರೆ ದೋಹಾದಿಂದ ಸುಮಾರು ನೂರು ಕಿಲೋಮೀಟರ್ ಮೇಲಕ್ಕೆ, ಮೂರು ದಿಕ್ಕಿಗೂ ಸಮುದ್ರ ಇರುವ ಸೀಮೆ. ಅಲ್ ರುವೈಸ್‌ನ ಬಂದರು, ಜನ ಬಿಟ್ಟುಹೋದ ಅಲ್ ಜುಮೈಲ್ ಎಂಬ ಮೀನುಗಾರರ ಹಳ್ಳಿ, ಪಶ್ಚಿಮಕ್ಕೆ 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಅಲ್ ಜುಬಾರಾ, ಅಲ್ಲಿ 1938ರಲ್ಲಿ ಕಟ್ಟಿದ ಕೋಟೆ. ಭಾರತೀಯ ಪಠ್ಯಕ್ರಮದ ಶಾಲೆಗಳು ಬಹುಮಟ್ಟಿಗೆ ದೋಹಾದಲ್ಲಿವೆ. ಕತಾರ್‌ನಲ್ಲಿರುವ ಮಂಗಳೂರು, ಉಡುಪಿ, ಭಟ್ಕಳ, ಬೆಂಗಳೂರು ಕಡೆಯ ಮನೆಗಳ ಮಕ್ಕಳಲ್ಲಿ ಹೆಚ್ಚಿನವರು ಓದುವುದು ಸಿಬಿಎಸ್‌ಇ. ಅಂದರೆ ಅವರ ಕೈಯಲ್ಲಿರುವ ಪ್ರಾಕ್ಟಿಕಲ್ ಕೈಪಿಡಿ ಮಳೆ ಬೀಳುವ ದೇಶದಲ್ಲಿ, ಹುಲ್ಲು ತಾನಾಗಿ ಬೆಳೆಯುವ ನೆಲದಲ್ಲಿ ಕುಳಿತು ಬರೆದದ್ದು. ಕತಾರ್‌ನಲ್ಲಿ ಇಡೀ ವರ್ಷ ಬೀಳುವ ಮಳೆ ಸರಾಸರಿ 75–80 ಮಿಲಿಮೀಟರ್. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳಲ್ಲಿ ಒಂದೇ ದಿನಕ್ಕೆ ಅದಕ್ಕಿಂತ ಹೆಚ್ಚು ಸುರಿಯುವುದುಂಟು. ಹಾಗಾಗಿ ಕೈಪಿಡಿಯಲ್ಲಿ ಹೇಳಿದಂತೆ ಇಲ್ಲಿ ಪ್ರಯೋಗ ಮಾಡಿದರೆ ಅದು ಹೇಳಿದಂತೆ ಕೇಳುವುದಿಲ್ಲ. ಅಂಕಿ ಓದುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ ಎನ್ನುವುದು ನನ್ನ ಅಭಿಪ್ರಾಯ.

ಹನ್ನೆರಡನೇ ತರಗತಿಯ ಚೌಕದ ಪ್ರಯೋಗವನ್ನೇ ತೆಗೆದುಕೊಳ್ಳಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟನ್ನು ನೆಲದ ಮೇಲೆ ಅಲ್ಲಲ್ಲಿ ಇಟ್ಟು, ಒಳಗೆ ಒಂದು ಜಾತಿಯ ಗಿಡ ಎಷ್ಟಿವೆ ಎಂದು ಎಣಿಸುವುದು. ಒಟ್ಟು ಗಿಡಗಳನ್ನು ಚೌಕಗಳ ಸಂಖ್ಯೆಯಿಂದ ಭಾಗಿಸಿದರೆ ಸಾಂದ್ರತೆ. ಗಿಡ ಸಿಕ್ಕ ಚೌಕಗಳು ಶೇಕಡ ಎಷ್ಟು ಎಂದು ನೋಡಿದರೆ ಆವೃತ್ತಿ. ಮೈಸೂರಿನ ಕಾಲೇಜು ಮೈದಾನದಲ್ಲಿ ಇದನ್ನು ಅರ್ಧ ಗಂಟೆಯಲ್ಲಿ ಮುಗಿಸಬಹುದು. ಅಲ್ ಶಮಾಲ್‌ನ ಬಯಲಿನಲ್ಲಿ ಟೆಟ್ರೇನಾ ಕತಾರೆನ್ಸಿಸ್ ಎಂಬ ದಪ್ಪ ಎಲೆಯ ಕುರುಚಲು ಗಿಡವನ್ನು ಎಣಿಸಲು ಹೊರಟರೆ ಪುಸ್ತಕದಲ್ಲಿ ಬರೆದುಕೊಳ್ಳಬೇಕಾದ್ದು ಬಹುಪಾಲು ಸೊನ್ನೆಗಳನ್ನು. ಲೆಕ್ಕಕ್ಕೆಂದು ಹತ್ತು ಚೌಕಗಳಲ್ಲಿ ಹೀಗೆ ಬಂತು ಎಂದಿಟ್ಟುಕೊಳ್ಳೋಣ: 0, 0, 0, 7, 0, 0, 1, 0, 12, 0. ಒಟ್ಟು 20 ಗಿಡ, ಸಾಂದ್ರತೆ ಚೌಕಕ್ಕೆ 2, ಆವೃತ್ತಿ ಶೇ 30. ರೆಕಾರ್ಡ್ ಬುಕ್‌ಗೆ ಇಷ್ಟೇ ಸಾಕು, ಉತ್ತರ ಸರಿ, ಅಂಕ ಪೂರ್ತಿ.

ಆದರೆ ಈ ಸಾಲನ್ನು ಇನ್ನೊಮ್ಮೆ ಓದಿ. ಚೌಕಕ್ಕೆ ಸರಾಸರಿ ಎರಡು ಗಿಡ ಎಂದೆವು, ಹತ್ತರಲ್ಲಿ ಒಂದೇ ಒಂದು ಚೌಕದಲ್ಲೂ ಎರಡು ಗಿಡ ಇರಲಿಲ್ಲ. ಸರಾಸರಿ ಹೇಳುವ ನೆಲ ಇಲ್ಲಿ ಎಲ್ಲೂ ಇಲ್ಲ. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸರಾಸರಿಯಿಂದ ಪ್ರತಿ ಅಂಕಿ ಎಷ್ಟು ದೂರವಿದೆ ಎಂದು ನೋಡಿ, ಆ ದೂರಗಳ ವರ್ಗಗಳನ್ನು ಕೂಡಿಸಿ, ಒಂಬತ್ತರಿಂದ ಭಾಗಿಸಿದರೆ ಸುಮಾರು 17 ಬರುತ್ತದೆ. ಇದನ್ನು ಪ್ರಸರಣೆ ಎನ್ನುತ್ತಾರೆ. ಗಿಡಗಳು ಯಾವ ನಿಯಮವೂ ಇಲ್ಲದೆ ಎಲ್ಲೆಂದರಲ್ಲಿ ಚೆಲ್ಲಿಕೊಂಡಿದ್ದರೆ ಪ್ರಸರಣೆಯೂ ಸರಾಸರಿಯೂ ಹೆಚ್ಚುಕಡಿಮೆ ಒಂದೇ ಆಗಬೇಕು. ಇಲ್ಲಿ ಅದು ಎಂಟೂವರೆ ಪಟ್ಟು. ಗಿಡಗಳು ಗುಂಪುಗೂಡಿವೆ ಎಂದು ಕೂಡು-ಭಾಗಿಸುವ ಲೆಕ್ಕವೇ ಹೇಳಿಬಿಟ್ಟಿತು.

ಯಾಕೆ ಗುಂಪುಗೂಡಿವೆ? ಉತ್ತರಕ್ಕೆ ಪುಸ್ತಕದಿಂದ ತಲೆಯೆತ್ತಿ ನೆಲ ನೋಡಬೇಕು. ಕತಾರ್‌ನ ಸುಣ್ಣಕಲ್ಲಿನ ಬಯಲಿನಲ್ಲಿ ಅಲ್ಲಲ್ಲಿ ತಟ್ಟೆಯಂಥ ತಗ್ಗುಗಳಿವೆ. ಸ್ಥಳೀಯರು ಇವನ್ನು ರೌದಾ ಎನ್ನುತ್ತಾರೆ. ಬಿದ್ದ ಅಷ್ಟಿಷ್ಟು ಮಳೆ ಅಲ್ಲಿ ಬಂದು ನಿಲ್ಲುತ್ತದೆ, ನಯವಾದ ಮಣ್ಣೂ ಅಲ್ಲೇ ಶೇಖರವಾಗುತ್ತದೆ. ಹಸಿರೆಲ್ಲ ಆ ತಗ್ಗುಗಳಲ್ಲೇ. ನಮ್ಮ ಬಯಲುಸೀಮೆಯಲ್ಲಿ ದಸರೆಗೆ ಪೂಜೆ ಪಡೆಯುವ ಬನ್ನಿಮರವೇ ಕತಾರ್‌ನ ಉತ್ತರದಲ್ಲೂ ಅಲ್ಲಲ್ಲಿ ನಿಂತಿದೆ. ಇಲ್ಲಿ ಅದು ಗಾಫ್. ಅದರ ಬುಡದಲ್ಲಿ ಚೌಕ ಇಟ್ಟವನಿಗೂ ಹತ್ತು ಮಾರು ಆಚೆ ಬರೀ ಜಲ್ಲಿಯ ಮೇಲೆ ಇಟ್ಟವನಿಗೂ ಎರಡು ಬೇರೆ ದೇಶಗಳ ಅಂಕಿ ಸಿಗುತ್ತದೆ. ಆದ್ದರಿಂದ ಈ ನೆಲದಲ್ಲಿ ಸರಿಯಾದ ಕ್ರಮ ಎಂದರೆ ಮೊದಲು ತಗ್ಗು ಮತ್ತು ಬಯಲು ಎಂದು ಭಾಗ ಮಾಡಿಕೊಂಡು, ಪ್ರತಿ ಭಾಗದಲ್ಲೂ ಚೌಕದ ಜಾಗವನ್ನು ಚೀಟಿ ಎತ್ತಿ ನಿರ್ಧರಿಸುವುದು. ಚೌಕಟ್ಟನ್ನು ಬೆನ್ನ ಹಿಂದಕ್ಕೆ ಎಸೆದರೆ ಯಾದೃಚ್ಛಿಕ ಆಯಿತು ಎಂಬ ನಂಬಿಕೆ ಶಾಲೆಗಳಲ್ಲಿ ಇನ್ನೂ ಇದೆ. ಎಸೆಯುವ ಮೊದಲು ಎಸೆಯುವವನು ಎಲ್ಲಿ ಹೋಗಿ ನಿಂತ ಎನ್ನುವುದನ್ನು ಯಾರೂ ಕೇಳುವುದಿಲ್ಲ. ಗಿಡ ಇರುವಲ್ಲೇ ನಿಂತಿರುತ್ತಾನೆ. ಸೊನ್ನೆ ಬರೆಯಲು ಯಾರಿಗೆ ತಾನೇ ಇಷ್ಟ?

ಸೊನ್ನೆಗಳಲ್ಲೂ ಎರಡು ಜಾತಿ. ಬಯಲಿನ ಚೌಕದ ಸೊನ್ನೆ ನಿಜವಾದ ಸೊನ್ನೆ, ಅಲ್ಲಿ ಗಿಡ ಇಲ್ಲ. ಹನ್ನೊಂದನೇ ತರಗತಿಯ ಪತ್ರರಂಧ್ರ ಎಣಿಸುವ ಪ್ರಯೋಗದಲ್ಲಿ ಬರುವ ಸೊನ್ನೆ ಬೇರೆ ಥರದ್ದಾಗಿರಬಹುದು. ಎಲೆಯ ಮೇಲೆ ಉಗುರು ಬಣ್ಣ ಹಚ್ಚಿ, ಒಣಗಿದ ಪೊರೆಯನ್ನು ಕಿತ್ತು, ಸೂಕ್ಷ್ಮದರ್ಶಕದಲ್ಲಿಟ್ಟು ರಂಧ್ರಗಳ ಅಚ್ಚನ್ನು ಎಣಿಸುವುದು ಸುಲಭದ ವಿಧಾನ. ಕೊಲ್ಲಿ ದೇಶಗಳ ರಸ್ತೆ ಬದಿಯಲ್ಲಿ ಧಾರಾಳವಾಗಿ ಸಿಗುವ ಕಣಗಿಲೆಯ ಎಲೆಯನ್ನು ಹೀಗೆ ಪರೀಕ್ಷಿಸಿದರೆ ಮೇಲೂ ರಂಧ್ರ ಕಾಣುವುದಿಲ್ಲ, ಕೆಳಗೂ ಸಲೀಸಾಗಿ ಕಾಣುವುದಿಲ್ಲ. ರಂಧ್ರವಿಲ್ಲದೆ ಗಿಡ ಬದುಕಿದೆಯೇ? ಕಣಗಿಲೆಯಲ್ಲಿ ಅವು ಎಲೆಯ ಕೆಳಮೈಯ ಪುಟ್ಟ ಗುಳಿಗಳ ಒಳಗೆ, ರೋಮಗಳ ಮರೆಯಲ್ಲಿ ಅಡಗಿವೆ. ಬಿಸಿಲ ನಾಡಿನಲ್ಲಿ ನೀರು ಉಳಿಸಿಕೊಳ್ಳುವ ಉಪಾಯ ಅದು. ಉಗುರು ಬಣ್ಣ ಆ ಗುಳಿಯೊಳಕ್ಕೆ ಇಳಿಯುವುದಿಲ್ಲ. ಇಲ್ಲಿ ಸೊನ್ನೆ ಎಲೆಯದ್ದಲ್ಲ, ವಿಧಾನದ್ದು. ಎಲೆಯನ್ನು ಅಡ್ಡ ಸೀಳಿ ನೋಡಿದವರಿಗೆ ಗುಳಿಗಳು ಕಾಣುತ್ತವೆ. ಕೋಬಾಲ್ಟ್ ಕ್ಲೋರೈಡ್ ಕಾಗದದ ಬಾಷ್ಪವಿಸರ್ಜನೆ ಪ್ರಯೋಗಕ್ಕೂ ಇಂಥದ್ದೇ ಪೇಚು. ಎಲೆ ಬಿಡುವ ನೀರಾವಿಗೆ ನೀಲಿ ಕಾಗದ ಗುಲಾಬಿಯಾಗಬೇಕು. ಆಗಸ್ಟ್‌ನ ಕೊನೆಗೆ ಕೊಲ್ಲಿಯ ಕರಾವಳಿಯ ತೇವದಲ್ಲಿ ಎಲೆಯ ಗೊಡವೆಯೇ ಇಲ್ಲದೆ ಕಾಗದ ಗುಲಾಬಿಗೆ ತಿರುಗುತ್ತದೆ. ಎಲೆ ಇಲ್ಲದೆ ಬರೀ ಗಾಜಿನ ಮೇಲಿಟ್ಟ ಇನ್ನೊಂದು ಕಾಗದ, ಅಂದರೆ ಕಂಟ್ರೋಲ್, ಯಾಕೆ ಬೇಕು ಎಂದು ಆ ತಿಂಗಳಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ.

ಈಗ ಜೊಲ್ಲಿನ ಪ್ರಯೋಗಕ್ಕೆ ಬರೋಣ, ಶಾಲೆಯ ಜೀವಶಾಸ್ತ್ರದಲ್ಲಿ ಅಂಕಿಗಳು ತುಂಬ ಸಿಗುವ, ತುಂಬ ಹಾಳಾಗುವ ಪ್ರಯೋಗ ಇದು. ಪಿಷ್ಟದ ದ್ರಾವಣಕ್ಕೆ ನೀರು ಬೆರೆಸಿದ ಜೊಲ್ಲು ಹಾಕಿ, ಮೂವತ್ತು ಸೆಕೆಂಡಿಗೊಮ್ಮೆ ಒಂದು ಹನಿ ತೆಗೆದು ಅಯೋಡಿನ್ ಜೊತೆ ಬೆರೆಸುವುದು. ಪಿಷ್ಟ ಇರುವವರೆಗೆ ಕಡುನೀಲಿ, ಮುಗಿದ ಮೇಲೆ ಅಯೋಡಿನ್‌ನ ಸ್ವಂತ ಬಣ್ಣ. ಐಸ್‌ನಲ್ಲಿಟ್ಟ ನಾಳ, 37 ಡಿಗ್ರಿಯ ನಾಳ, ಕುದಿಯುವ ನೀರಿನ ಹತ್ತಿರದ ಬಿಸಿಯ ನಾಳ, ಹೀಗೆ ಮೂರು. ರೆಕಾರ್ಡ್ ಬುಕ್‌ನಲ್ಲಿ ಬರೆಯುವ ತೀರ್ಮಾನ: ‘ಜೊಲ್ಲಿನ ಅಮೈಲೇಸ್ ಕಿಣ್ವಕ್ಕೆ ಅತ್ಯುತ್ತಮ ತಾಪಮಾನ 37 ಡಿಗ್ರಿ.’ ಮೂರು ಬಿಂದುಗಳಿಂದ ಇಷ್ಟು ಹೇಳಲು ಬರುವುದಿಲ್ಲ. ಪರೀಕ್ಷಿಸಿದ ಮೂರರಲ್ಲಿ 37ರಲ್ಲಿ ಎಲ್ಲಕ್ಕಿಂತ ಬೇಗ ಮುಗಿಯಿತು ಎಂದಷ್ಟೇ ಹೇಳಬಹುದು. ಶಿಖರ 30ರಲ್ಲಿದೆಯೋ 45ರಲ್ಲಿದೆಯೋ ಈ ಅಂಕಿಗಳಿಗೆ ಗೊತ್ತಿಲ್ಲ. ಕಿಣ್ವ ಬಿಸಿಗೆ ಕೆಡಲು ಸ್ವಲ್ಪ ಸಮಯ ಹಿಡಿಯುವುದರಿಂದ, ಕೆಲವೇ ನಿಮಿಷದ ಪ್ರಯೋಗದಲ್ಲಿ 37ಕ್ಕಿಂತ ಮೇಲೂ ವೇಗ ಹೆಚ್ಚುವುದು ಸಾಧ್ಯ. ಪಠ್ಯಪುಸ್ತಕದಿಂದ ಗೊತ್ತಿರುವ ಉತ್ತರವನ್ನು ಪ್ರಯೋಗದ ಬಾಯಲ್ಲಿ ಹೇಳಿಸುವುದು ಅಂಕಿ ಓದುವವರ ಮೊದಲ ದುರಭ್ಯಾಸ.

ಇನ್ನೊಂದು ವಿಷಯ. ಐಸ್‌ನ ನಾಳದಲ್ಲೂ ಕುದಿನೀರಿನ ನಾಳದಲ್ಲೂ ನೀಲಿ ಹಾಗೇ ಉಳಿಯಿತು. ಎರಡೂ ಕಡೆ ಒಂದೇ ರೀಡಿಂಗ್, ಒಂದೇ ಕಾರಣವೇ? ಎರಡು ನಾಳಗಳನ್ನೂ 37 ಡಿಗ್ರಿಯ ನೀರಿಗೆ ತಂದು ಹತ್ತು ನಿಮಿಷ ಕಾದರೆ ತಣ್ಣಗಿದ್ದ ಕಿಣ್ವ ಕೆಲಸ ಶುರುಮಾಡುತ್ತದೆ, ಬೆಂದದ್ದು ಮಾಡುವುದಿಲ್ಲ. ಒಂದು ಮಲಗಿತ್ತು, ಇನ್ನೊಂದು ಸತ್ತಿತ್ತು. ಈ ಒಂದು ಹೆಜ್ಜೆಗೆ ಖರ್ಚು ಏನೂ ಇಲ್ಲ, ಆದರೂ ಮಾಡುವವರು ಕಡಿಮೆ, ಏಕೆಂದರೆ ಕೈಪಿಡಿಯ ಕೋಷ್ಟಕದಲ್ಲಿ ಅದಕ್ಕೆ ಕಂಬಸಾಲು ಇಲ್ಲ.

ಕೈಪಿಡಿಯ ‘ಕೋಣೆಯ ತಾಪಮಾನ’ ಎಂಬ ಪದವೂ ಕೊಲ್ಲಿಯಲ್ಲಿ ಬಲು ತಮಾಷೆಯದ್ದು. ಎಸಿ ಹಾಕಿದ ಲ್ಯಾಬ್ 22 ಡಿಗ್ರಿಯಲ್ಲಿರುತ್ತದೆ. ಅದೇ ಲ್ಯಾಬಿನ ತಣ್ಣೀರಿನ ನಲ್ಲಿ ತಿರುಗಿಸಿದರೆ ಜೂನ್‌ನಲ್ಲಿ ಬರುವುದು ಮಾಳಿಗೆ ಟ್ಯಾಂಕಿನಲ್ಲಿ ಕಾದ ನೀರು. ಬೇಸಿಗೆಯಲ್ಲಿ ಇಲ್ಲಿನ ಮನೆಗಳಲ್ಲಿ ಗೀಸರ್ ಆರಿಸಿಟ್ಟು, ಅದರಲ್ಲಿ ನಿಂತ ನೀರನ್ನೇ ತಣ್ಣೀರಾಗಿ ಬಳಸುವುದುಂಟು. ಜೊಲ್ಲನ್ನು ತೆಳುಮಾಡಲು ಆ ನಲ್ಲಿ ನೀರು ಬಳಸಿದ ಗುಂಪಿಗೂ ಬಾಟಲಿ ನೀರು ಬಳಸಿದ ಗುಂಪಿಗೂ ಬೇರೆ ಬೇರೆ ಸಮಯ ಬಂದರೆ ಆಶ್ಚರ್ಯವಿಲ್ಲ. ಥರ್ಮಾಮೀಟರ್ ಅದ್ದಿ ನಿಜವಾದ ಡಿಗ್ರಿ ಬರೆದಿಟ್ಟಿದ್ದರೆ ಆ ವ್ಯತ್ಯಾಸ ಮಾಹಿತಿಯಾಗುತ್ತದೆ, ‘ಕೋಣೆಯ ತಾಪಮಾನ’ ಎಂದು ಬರೆದಿದ್ದರೆ ಕಸವಾಗುತ್ತದೆ.

ಐದು ಗುಂಪುಗಳಿಗೆ 37 ಡಿಗ್ರಿಯಲ್ಲಿ 120, 150, 150, 180, 300 ಸೆಕೆಂಡು ಬಂತು ಅನ್ನಿ. ಸರಾಸರಿ 180, ನಡುವಿನ ಬೆಲೆ 150. ಕೊನೆಯ 300ನ್ನು ‘ತಪ್ಪು’ ಎಂದು ಹೊಡೆದುಹಾಕುವ ಮೊದಲು ಮೂರು ಸಂಗತಿ ಗಮನಿಸಬೇಕು. ಒಂದು, ಅರ್ಧ ನಿಮಿಷಕ್ಕೊಮ್ಮೆ ಹನಿ ತೆಗೆದದ್ದರಿಂದ 150 ಎಂದರೆ ‘120ರ ನಂತರ, 150ರ ಒಳಗೆ’ ಎಂದರ್ಥ. ಸರಾಸರಿಯನ್ನು ದಶಾಂಶದ ಎರಡು ಸ್ಥಾನಕ್ಕೆ ಬರೆಯುವ ಕ್ಯಾಲ್ಕುಲೇಟರ್ ಶೂರರಿಗೆ ಇದನ್ನು ನೆನಪಿಸಬೇಕು. ಎರಡು, ಒಂದೇ ಬೀಕರಿನ ಜೊಲ್ಲಿನಿಂದ ಐದು ನಾಳ ತುಂಬಿದ್ದರೆ ಅದು ಐದು ಪ್ರಯೋಗವಲ್ಲ, ಒಬ್ಬ ವ್ಯಕ್ತಿಯ ಜೊಲ್ಲನ್ನು ಐದು ಸಲ ಅಳೆದದ್ದು. ಮೂರನೆಯದು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಮನುಷ್ಯರಲ್ಲಿ ಈ ಕಿಣ್ವವನ್ನು ಮಾಡುವ ಜೀನ್‌ನ ಪ್ರತಿಗಳು ಎಲ್ಲರಲ್ಲೂ ಒಂದೇ ಸಂಖ್ಯೆಯಲ್ಲಿಲ್ಲ. 2007ರಲ್ಲಿ ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಅದು 2ರಿಂದ 15ರವರೆಗೂ ಇತ್ತು. ಹೆಚ್ಚು ಪಿಷ್ಟ ತಿನ್ನುವ ಸಮುದಾಯಗಳಲ್ಲಿ ಪ್ರತಿಗಳ ಸರಾಸರಿ ಹೆಚ್ಚಿತ್ತು, ಪ್ರತಿ ಹೆಚ್ಚಿದ್ದಷ್ಟೂ ಜೊಲ್ಲಿನಲ್ಲಿ ಕಿಣ್ವವೂ ಹೆಚ್ಚು. ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ಮಕ್ಕಳಿಗೆ ಎರಡು ರೀಡಿಂಗ್ ಬಂದರೆ ಅದರಲ್ಲಿ ಒಂದಂಶ ಅವರ ಹುಟ್ಟಿನದ್ದೇ ಇರಬಹುದು. ರೀಡಿಂಗ್ ಹೊಂದಿಸಿದಾಗ ನಾವು ಒರೆಸಿಹಾಕುವುದು ಇದನ್ನೇ.

ನಾಡಿಬಡಿತದ ಪ್ರಯೋಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಬಡಿತ ತಪ್ಪಿದ್ದು ನಾಲ್ಕಾಗುತ್ತದೆ. ಆಮೇಲೆ ‘72ರಿಂದ 76ಕ್ಕೆ ಏರಿತು’ ಎಂಬ ತೀರ್ಮಾನಕ್ಕೆ ಏನೂ ಬೆಲೆ ಇರುವುದಿಲ್ಲ. ಈರುಳ್ಳಿ ಬೇರಿನ ತುದಿಯ ಕೋಶವಿಭಜನೆಯಲ್ಲಿ, ಎಲ್ಲ ಹಂತಗಳೂ ಚಂದವಾಗಿ ಕಾಣುವ ಜಾಗ ಹುಡುಕಿ ಅಲ್ಲೇ ಎಣಿಸಿದರೆ ವಿಭಜನೆಯ ಪ್ರಮಾಣ ನಿಜಕ್ಕಿಂತ ಹೆಚ್ಚೇ ಬರುತ್ತದೆ. ಚಿತ್ರ ಬರೆಯಲು ಆ ಜಾಗ ಸರಿ, ಲೆಕ್ಕಕ್ಕೆ ಅಲ್ಲ.

ಚಂದದ ಅಂಕಿಗಳ ವಿಷಯ ಬಂದಾಗ ಮೆಂಡೆಲ್‌ನನ್ನು ಬಿಟ್ಟು ಮುಂದೆ ಹೋಗಲಾಗದು. 1866ರಲ್ಲಿ ಅಚ್ಚಾದ ಅವನ ಬಟಾಣಿ ಪ್ರಬಂಧದಲ್ಲಿ 5474 ದುಂಡು ಬೀಜ, 1850 ಸುಕ್ಕು ಬೀಜ, ಅನುಪಾತ 2.96ಕ್ಕೆ 1. ನಮ್ಮ ಪುಸ್ತಕಗಳಲ್ಲಿ ಇದು ನೇರವಾಗಿ ‘3:1’ ಆಗಿ ಬರುತ್ತದೆ. ಪುಸ್ತಕಗಳು ಬಿಡುವುದು ಅದೇ ಪ್ರಬಂಧದ ಇನ್ನೊಂದು ಮಾತನ್ನು. ಒಂದು ಗಿಡದಲ್ಲಿ ಅವನಿಗೆ 43 ದುಂಡು, ಬರೀ 2 ಸುಕ್ಕು ಸಿಕ್ಕವು. ಇನ್ನೊಂದರಲ್ಲಿ 14 ದುಂಡು, 15 ಸುಕ್ಕು. ಎರಡನ್ನೂ ಅವನು ಮುಚ್ಚಿಡದೆ ಬರೆದಿದ್ದಾನೆ. ಇಂದಿನ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ 14:15 ತೋರಿಸಿದ ವಿದ್ಯಾರ್ಥಿಗೆ ಏನಾಗುತ್ತಿತ್ತು ಎಂದು ಊಹಿಸಬಹುದು. ಸಣ್ಣ ಮಾದರಿ ಹೀಗೆಲ್ಲ ಓಲಾಡುತ್ತದೆ, ಸಾವಿರಗಟ್ಟಲೆ ಎಣಿಸಿದಾಗ ಮಾತ್ರ ಮೂರಕ್ಕೆ ಒಂದು ನೆಲೆಗೊಳ್ಳುತ್ತದೆ ಎಂಬುದು ಮೆಂಡೆಲ್‌ಗೆ ಗೊತ್ತಿತ್ತು.

ಹಾಗಿದ್ದೂ 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಮೆಂಡೆಲ್‌ನ ಅಂಕಿಗಳನ್ನೆಲ್ಲ ಕೂಡಿಸಿ ನೋಡಿ, ಇವು ನಿರೀಕ್ಷೆಗೆ ಅತಿಯಾಗಿ ಹೊಂದಿವೆ ಎಂದ. ಎರಡು ಲಕ್ಷಣಗಳ ಪ್ರಯೋಗದಲ್ಲಿ 315, 101, 108, 32 ಬಂದವು. 9:3:3:1ರ ಪ್ರಕಾರ 556ರಲ್ಲಿ ಬರಬೇಕಾದ್ದು ಸುಮಾರು 313, 104, 104, 35. ಕಾರ್ಲ್ ಪಿಯರ್ಸನ್ 1900ರಲ್ಲಿ ಕೊಟ್ಟ, ಎಣಿಕೆ ನಿರೀಕ್ಷೆಯಿಂದ ಎಷ್ಟು ದೂರ ಎಂದು ಅಳೆಯುವ ಕೈ-ವರ್ಗ ಪರೀಕ್ಷೆಯನ್ನು ಹಾಕಿದರೆ ಬೆಲೆ 0.47. ನಾಲ್ಕು ಗುಂಪುಗಳಿದ್ದಾಗ ಅನುಮಾನ ಶುರುವಾಗುವ ಗಡಿ 7.8. ಒಂದು ಪ್ರಯೋಗ ಇಷ್ಟು ಹತ್ತಿರ ಬಂದರೆ ಅದೃಷ್ಟ. ಎಲ್ಲವೂ ಹೀಗೇ ಬರುವ ಸಂಭವ ಫಿಶರ್‌ನ ಲೆಕ್ಕದಲ್ಲಿ ಲಕ್ಷಕ್ಕೆ ಏಳು. ಮೆಂಡೆಲ್ ಮೋಸ ಮಾಡಿದನೇ, ಯಾರಾದರೂ ಸಹಾಯಕ ಗುರುಗಳನ್ನು ಸಂತೋಷಪಡಿಸಲು ಎಣಿಕೆ ತಿದ್ದಿದನೇ, ಅನುಮಾನದ ಬೀಜಗಳನ್ನು ಅರಿಯದೆಯೇ ಬೇಕಾದ ಗುಂಪಿಗೆ ಹಾಕಿದರೇ ಎಂಬ ವಾದ ಇಂದಿಗೂ ಮುಗಿದಿಲ್ಲ. ಮೂರನೆಯ ಸಾಧ್ಯತೆ ನನಗೆ ಹೆಚ್ಚು ಹತ್ತಿರ ಅನಿಸುತ್ತದೆ, ಅರ್ಧ ಸುಕ್ಕಿದ ಬಟಾಣಿಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಅದು ಅರ್ಥವಾಗುತ್ತದೆ. ಶಾಲೆಗೆ ಬೇಕಾದ ಅಂಶ ಇಷ್ಟು: ಅಂಕಿ ತೀರಾ ಕೆಟ್ಟದಾಗಿ ಬಂದರೆ ಹೇಗೆ ಅನುಮಾನವೋ ತೀರಾ ಚೆನ್ನಾಗಿ ಬಂದರೂ ಹಾಗೇ. ತರಗತಿಯ ನಲವತ್ತು ರೆಕಾರ್ಡ್‌ಗಳಲ್ಲೂ ಒಂದೇ ಸೆಕೆಂಡಿಗೆ ಬಣ್ಣ ಹೋಗಿದ್ದರೆ ಕೈ-ವರ್ಗದ ಅಗತ್ಯವೂ ಇಲ್ಲ.

ಈ ಫಿಶರ್ ಬಳಿ ಕೇಂಬ್ರಿಜ್‌ನಲ್ಲಿ 1948ರಲ್ಲಿ ಡಾಕ್ಟರೇಟ್ ಮುಗಿಸಿದವರು ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್. ಸುಡಾನ್‌ನ ಜೆಬೆಲ್ ಮೋಯಾದ ಉತ್ಖನನದಲ್ಲಿ ಸಿಕ್ಕ ಪ್ರಾಚೀನ ಅಸ್ಥಿಪಂಜರಗಳ ಅಳತೆಗಳನ್ನು ಓದುವುದು ಅವರಿಗೆ ಅಲ್ಲಿ ಸಿಕ್ಕ ಕೆಲಸ. 2023ರಲ್ಲಿ, 102ನೇ ವಯಸ್ಸಿನಲ್ಲಿ, ಸಂಖ್ಯಾಶಾಸ್ತ್ರದ ಅಂತಾರಾಷ್ಟ್ರೀಯ ಬಹುಮಾನ ಬಂದಾಗ ನಮ್ಮ ಪತ್ರಿಕೆಗಳು ಅವರನ್ನು ಗಣಿತಜ್ಞ ಎಂದು ಕೊಂಡಾಡಿದವು. ಮೂಳೆ ಅಳೆದವರು ಎನ್ನುವುದು ಹೆಚ್ಚು ಜನಕ್ಕೆ ತಲುಪಲಿಲ್ಲ. ಶಾಲೆಯಲ್ಲಿ ಸಂಖ್ಯಾಶಾಸ್ತ್ರವನ್ನು ಗಣಿತದ ಮೇಷ್ಟ್ರಿಗೆ, ಕಪ್ಪೆಯನ್ನು ಜೀವಶಾಸ್ತ್ರದ ಮೇಷ್ಟ್ರಿಗೆ ಹಂಚಿಬಿಟ್ಟಿರುವುದರ ಫಲ ಇದು. ಇವೆರಡೂ ಬೆಳೆದದ್ದು ಒಂದೇ ಹೊಲದಲ್ಲಿ. ಸಣ್ಣ ಮಾದರಿಗಳಿಗೆ ಇಂದಿಗೂ ಬಳಸುವ ಟಿ-ಪರೀಕ್ಷೆಯ ಮೂಲ 1908ರದ್ದು. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯ ನೌಕರ ಗೋಸೆಟ್ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಅದನ್ನು ಪ್ರಕಟಿಸಿದ.

ನಕ್ಷೆಗಳ ಬಗ್ಗೆ ಒಂದೆರಡು ಮಾತು. ಈಗ ಮಕ್ಕಳು ಅಂಕಿಗಳನ್ನು ಎಕ್ಸೆಲ್‌ಗೆ ತುಂಬುತ್ತಾರೆ, ಅದು ಕಣ್ಣು ಮಿಟುಕಿಸುವುದರೊಳಗೆ ಬಣ್ಣದ ಚಿತ್ರ ಕೊಡುತ್ತದೆ. ತಗ್ಗು, ಬಯಲು ಎಂಬ ಎರಡು ಹೆಸರುಗಳ ನಡುವೆ ಗೆರೆ ಎಳೆದರೂ ಅದು ತಕರಾರು ಮಾಡುವುದಿಲ್ಲ, ಮೂರು ಬಿಂದುಗಳ ಮೂಲಕ ನುಣುಪಾದ ವಕ್ರರೇಖೆ ಹಾಯಿಸಿದರೂ ಇಲ್ಲ. ಹೆಸರುಗಳಿಗೆ ಕಂಬ, ಏರಿಳಿಯುವ ಅಳತೆಗಳಿಗೆ ಗೆರೆ, ಪ್ರತಿ ಸರಾಸರಿಯ ಮೇಲೂ ಅಂಕಿಗಳ ಹರವನ್ನು ತೋರಿಸುವ ಗುರುತು: ಇಷ್ಟಿದ್ದರೆ ಶಾಲೆಗೆ ಸಾಕು. ಹರವಿನ ಗುರುತು ಇಲ್ಲದ ಕಂಬದ ನಕ್ಷೆಯಲ್ಲಿ ನಮ್ಮ ಏಳು ಸೊನ್ನೆಗಳೂ ಕಾಣೆಯಾಗುತ್ತವೆ.

ಇದೆಲ್ಲ ಕಲಿಸಬಾರದೆಂದು ಯಾವ ಪಠ್ಯಕ್ರಮವೂ ಹೇಳಿಲ್ಲ. ಅಂಕ ಎಲ್ಲಿದೆ ಎಂದು ನೋಡಿದರೆ ಕಥೆ ತಿಳಿಯುತ್ತದೆ. ಸಿಬಿಎಸ್‌ಇ ಹನ್ನೆರಡನೇ ತರಗತಿಯ ಇತ್ತೀಚಿನ ವರ್ಷಗಳ ಹಂಚಿಕೆಯಲ್ಲಿ ಜೀವಶಾಸ್ತ್ರ ಪ್ರಾಕ್ಟಿಕಲ್‌ನ 30 ಅಂಕಗಳ ಪೈಕಿ ದೊಡ್ಡ ಪ್ರಯೋಗಕ್ಕೆ 5, ಸಣ್ಣದಕ್ಕೆ 4, ಸ್ಲೈಡ್ ತಯಾರಿಗೆ 5. ಮೇಜಿನ ಮೇಲಿಟ್ಟದ್ದನ್ನು ಗುರುತಿಸುವ ಸ್ಪಾಟಿಂಗ್‌ಗೆ 7. ಉಳಿದದ್ದು ರೆಕಾರ್ಡ್, ಪ್ರಾಜೆಕ್ಟ್, ಮೌಖಿಕಕ್ಕೆ. ಅಂಕಿಗಳ ವಿಶ್ಲೇಷಣೆ ಎಂಬ ಹೆಸರಿನಲ್ಲಿ ಪ್ರತ್ಯೇಕ ಅಂಕವೇ ಇಲ್ಲ. ಕತಾರ್‌ನ ಅಂತಾರಾಷ್ಟ್ರೀಯ ಶಾಲೆಯೊಂದರಲ್ಲಿ ಓದುವ ಪಕ್ಕದ ಮನೆಯ ಹುಡುಗಿ ಐಬಿ ಜೀವಶಾಸ್ತ್ರ ತೆಗೆದುಕೊಂಡಿದ್ದರೆ, ಅವಳು ಸ್ವಂತ ಪ್ರಶ್ನೆಯೊಂದನ್ನು ಹಿಡಿದು ಮೂರು ಸಾವಿರ ಪದದೊಳಗೆ ವರದಿ ಬರೆಯಬೇಕು. ಅದರ 24 ಅಂಕಗಳಲ್ಲಿ ಯೋಜನೆಗೆ 6, ಅಂಕಿಗಳ ವಿಶ್ಲೇಷಣೆಗೆ 6, ತೀರ್ಮಾನಕ್ಕೆ 6, ತನ್ನ ಕೆಲಸದ ಮಿತಿಗಳನ್ನು ತಾನೇ ತೂಗುವುದಕ್ಕೆ 6. ಕೇಂಬ್ರಿಜ್ ಎ ಲೆವೆಲ್‌ನಲ್ಲಂತೂ ಯೋಜನೆ ಮತ್ತು ವಿಶ್ಲೇಷಣೆಗೆ ಬೇರೆಯೇ ಪ್ರಶ್ನೆಪತ್ರಿಕೆ ಇದೆ, ಟಿ-ಪರೀಕ್ಷೆ, ಕೈ-ವರ್ಗ ಅದರಲ್ಲಿ ಬರುತ್ತವೆ. ಅಲ್ಲೂ ಕಾಪಿ ಹೊಡೆಯುವವರಿದ್ದಾರೆ, ಟ್ಯೂಷನ್ನಿನಲ್ಲಿ ವರದಿ ಬರೆಸಿಕೊಳ್ಳುವವರಿದ್ದಾರೆ. ಆದರೆ ರೀಡಿಂಗ್ ಹೊಂದದಿದ್ದರೆ ಯಾಕೆ ಹೊಂದಲಿಲ್ಲ ಎಂದು ಬರೆದವರಿಗೆ ಅಂಕ ಸಿಗುವ ವ್ಯವಸ್ಥೆಯಲ್ಲಿ ರೀಡಿಂಗ್ ಹೊಂದಿಸುವ ಒತ್ತಡವಾದರೂ ಕಡಿಮೆ. ಸಿಬಿಎಸ್‌ಇಯಲ್ಲಿ ಇದಕ್ಕೆ ಉಳಿದಿರುವ ಏಕೈಕ ಕಿಂಡಿ ಎಂದರೆ ಪ್ರಾಜೆಕ್ಟ್‌ನ 5 ಅಂಕ. ಅದನ್ನು ನಾವು ಥರ್ಮಾಕೋಲ್ ಮಾದರಿಗಳಿಗೆ ದಾನ ಮಾಡಿದ್ದೇವೆ.

ಶಾಲೆಯ ತಪ್ಪುಗಳು ಶಾಲೆಯಲ್ಲೇ ಉಳಿಯುವುದಿಲ್ಲ. ಅಲ್ ಶಮಾಲ್‌ನ ಪೂರ್ವ ಕರೆಯ ಫುವೈರಿತ್ ಕಡಲತೀರಕ್ಕೆ ಬೇಸಿಗೆಯ ಹೊಸ್ತಿಲಲ್ಲಿ ಹಾಕ್ಸ್‌ಬಿಲ್ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಆ ತಿಂಗಳುಗಳಲ್ಲಿ ತೀರವನ್ನು ಜನರಿಗೆ ಮುಚ್ಚುತ್ತಾರೆ, ಗೂಡುಗಳನ್ನು ಎಣಿಸುತ್ತಾರೆ. ಒಂದು ವರ್ಷ ಗೂಡುಗಳು ಹೆಚ್ಚಿದರೆ ಆಮೆ ಹೆಚ್ಚಿತು ಎಂದು ಸುದ್ದಿ. ಒಂದೇ ಹೆಣ್ಣಾಮೆ ಒಂದೇ ಋತುವಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ಗೂಡು ಮಾಡುತ್ತದೆ, ಆಮೇಲೆ ಒಂದೆರಡು ವರ್ಷ ಬಾರದೆಯೂ ಇರಬಹುದು. ಎಣಿಸಿದ್ದು ಗೂಡು, ಹೇಳಿದ್ದು ಆಮೆ. ಗೂಡಿನ ಮರಳಿನ ಬಿಸಿ ಇನ್ನೂ ಒಂದು ಹೆಜ್ಜೆ ಮುಂದಿನ ಪಾಠ: ಸುಮಾರು 29 ಡಿಗ್ರಿಯ ಆಸುಪಾಸಿನಲ್ಲಿ ಗಂಡೂ ಹೆಣ್ಣೂ ಹುಟ್ಟುತ್ತವೆ, ಬಿಸಿ ಏರಿದಂತೆ ಹೆಣ್ಣೇ ಹೆಚ್ಚುತ್ತದೆ. ಮಧ್ಯಾಹ್ನ ಒಮ್ಮೆ ಥರ್ಮಾಮೀಟರ್ ಚುಚ್ಚಿ ತೆಗೆದ ಅಂಕಿಯಿಂದ ಮರಿಗಳ ಲಿಂಗ ಹೇಳಲಾಗದು. ಬೇಕಾದ್ದು ಮೊಟ್ಟೆಗಳ ಆಳದಲ್ಲಿ, ಲಿಂಗ ನಿರ್ಧಾರವಾಗುವ ಆ ಕೆಲವು ವಾರಗಳ ಉದ್ದಕ್ಕೂ ಇದ್ದ ಬಿಸಿ.

ಪಶ್ಚಿಮಕ್ಕೆ, ಬಹರೇನ್ ಕಡೆಯ ಕಡಲಹುಲ್ಲಿನ ಬಯಲುಗಳಲ್ಲಿ, ಕಡಲಹಸುಗಳಿವೆ. 1983ರ ನೌರೂಜ್ ತೈಲ ಸೋರಿಕೆಯಲ್ಲಿ ಹಲವು ಸತ್ತು ದಡಕ್ಕೆ ಬಂದಾಗ ಕೊಲ್ಲಿಯಲ್ಲಿ ಅವು ಬೆರಳೆಣಿಕೆಯಷ್ಟೇ ಉಳಿದಿರಬೇಕು ಎಂಬ ಭಾವನೆ ಇತ್ತು. 1986ರ ಸುಮಾರಿಗೆ ಸಂಶೋಧಕ ಆಂಟನಿ ಪ್ರೀನ್ ವಿಮಾನದಿಂದ ಸಮೀಕ್ಷೆ ಮಾಡಿದಾಗ ಕತಾರ್ ಮತ್ತು ಬಹರೇನ್ ನಡುವೆ ಒಂದೇ ಹಿಂಡಿನಲ್ಲಿ ಆರುನೂರಕ್ಕೂ ಹೆಚ್ಚು ಕಂಡವು. ಪ್ರಾಣಿಗಳು ಏಕಾಏಕಿ ಹೆಚ್ಚಲಿಲ್ಲ, ನೋಡುವ ವಿಧಾನ ಬದಲಾಯಿತು. ಮತ್ತೆ ಅದೇ ಗುಂಪುಗೂಡುವಿಕೆ: ಆ ಒಂದು ಹಿಂಡಿನ ಮೇಲೆ ವಿಮಾನ ಹಾರದೇ ಹೋಗಿದ್ದರೆ ಸಮೀಕ್ಷೆಯ ಚಿತ್ರವೇ ಬೇರೆಯಾಗಿರುತ್ತಿತ್ತು. ಹತ್ತು ಚೌಕಗಳ ಆಟವನ್ನು ಗಂಭೀರವಾಗಿ ಆಡಿದ ಮಗುವಿಗೆ ಈ ಸುದ್ದಿ ಓದಲು ಬೇರೆ ತರಬೇತಿ ಬೇಡ.

ಹಾಗಾದರೆ ಆ 5 ಅಂಕದ ಪ್ರಾಜೆಕ್ಟ್‌ಗೆ ಏನು ಮಾಡಿಸಬಹುದು? ನನ್ನ ಸಲಹೆ ಹಳೆಯದು. 1957ರಲ್ಲಿ ಇಂಗ್ಲೆಂಡ್ ಬಿಟ್ಟು ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್, ದುಬಾರಿ ಉಪಕರಣ ಇಲ್ಲದ ದೇಶದಲ್ಲಿ ಕಣ್ಣು ಮತ್ತು ಎಣಿಕೆಯಿಂದಲೇ ಒಳ್ಳೆಯ ಜೀವವಿಜ್ಞಾನ ಮಾಡಬಹುದು ಎಂದು ವಾದಿಸಿದವರು. ಕಾಯಂಕುಳಂನ ತೆಂಗು ಸಂಶೋಧನಾ ಕೇಂದ್ರದಿಂದ ಅವರ ಬಳಗಕ್ಕೆ ಬಂದ ಟಿ.ಎ. ಡೇವಿಸ್ ಎಣಿಸಿದ್ದು ತೆಂಗಿನ ಮರಗಳ ಸುತ್ತನ್ನು. ತೆಂಗಿನ ಗರಿಗಳು ಕಾಂಡದ ಸುತ್ತ ಕೆಲವು ಮರಗಳಲ್ಲಿ ಎಡಕ್ಕೆ, ಕೆಲವು ಮರಗಳಲ್ಲಿ ಬಲಕ್ಕೆ ತಿರುಗುತ್ತ ಏರುತ್ತವೆ. ಕಾಸರಗೋಡಿನಲ್ಲಿ 1916ರಿಂದ ತೆಂಗು ಸಂಶೋಧನೆ ನಡೆದುಬಂದಿದೆ, ಅಲ್ಲಿನ ತೋಟದ ಮನೆಗಳವರು ಹುಟ್ಟಿದಾಗಿನಿಂದ ಈ ಮರಗಳ ಅಡಿಯಲ್ಲೇ ಓಡಾಡಿದವರು. ಆದರೂ ಇದನ್ನು ಗಮನಿಸಿದವರು ಕಡಿಮೆ. ಎಡ-ಬಲಗಳು ಹೆಚ್ಚುಕಡಿಮೆ ಅರ್ಧರ್ಧ ಇರುತ್ತವೆ, ತಾಯಿಮರದ ಸುತ್ತು ಮಕ್ಕಳಿಗೆ ವಂಶದಿಂದ ಬರುವುದಿಲ್ಲ ಎಂದು 1962ರಲ್ಲಿ ಡೇವಿಸ್ ತೋರಿಸಿದರು. ಎಡಸುತ್ತಿನ ಮರಗಳ ಇಳುವರಿ ಸರಾಸರಿ ತುಸು ಹೆಚ್ಚು ಎಂದೂ ವರದಿ ಮಾಡಿದರು. ಈ ಮಾತನ್ನು ಇಂದಿನ ಮಕ್ಕಳು ಸುಮ್ಮನೆ ಒಪ್ಪದೆ, ಎಷ್ಟು ಮರ, ಎಷ್ಟು ಹರವು ಎಂದು ಕೇಳಬೇಕು.

ಅಲ್ ಶಮಾಲ್‌ನಲ್ಲಿ ತೆಂಗಿಲ್ಲ. ಖರ್ಜೂರ ರಸ್ತೆಯ ಎರಡೂ ಬದಿಗೆ ಸಾಲುಸಾಲಾಗಿ ನಿಂತಿದೆ, ಅದರಲ್ಲೂ ಈ ಎಡ-ಬಲ ಸುತ್ತು ಇದೆ. ಕಡಿದ ಗರಿಗಳ ಬುಡ ಕಾಂಡದ ಮೇಲೆ ಅಚ್ಚೊತ್ತಿದಂತೆ ಉಳಿದಿರುವುದರಿಂದ ಕೆಳಗೆ ನಿಂತೇ ನೋಡಬಹುದು. ಯಾವುದನ್ನು ಎಡ ಎನ್ನುತ್ತೇವೆ ಎಂದು ಮೊದಲೇ ಬರೆದಿಟ್ಟುಕೊಳ್ಳಬೇಕು. ಇಬ್ಬರು ಬೇರೆ ಬೇರೆಯಾಗಿ, ಒಬ್ಬರ ಹಾಳೆ ಇನ್ನೊಬ್ಬರು ನೋಡದೆ, ಅದೇ ಮರಗಳನ್ನು ಎಣಿಸಬೇಕು. ಇಬ್ಬರ ಉತ್ತರ ಬೇರೆಯಾದ ಮರಗಳನ್ನು ಹೊಡೆದುಹಾಕದೆ ಮೂರನೆಯ ಕಂಬಸಾಲಿನಲ್ಲಿ ಬರೆಯಬೇಕು. ನಲವತ್ತು ಮರಗಳಲ್ಲಿ 23 ಎಡ, 17 ಬಲ ಬಂದರೆ ಕೈ-ವರ್ಗ 0.9. ಎರಡೇ ಗುಂಪುಗಳಿದ್ದಾಗ ಗಡಿ 3.84 ಆದ್ದರಿಂದ ಅರ್ಧರ್ಧ ಎಂಬ ಊಹೆಯನ್ನು ಬಿಡಲು ಕಾರಣವಿಲ್ಲ. ಅದೇ ಅನುಪಾತ ನಾನೂರು ಮರಗಳಲ್ಲಿ, 230ಕ್ಕೆ 170 ಬಂದರೆ ಬೆಲೆ 9. ಆಗ ಏನೋ ನಡೆಯುತ್ತಿದೆ. ಕೊಲ್ಲಿಯಲ್ಲಿ ನೆಡುವ ಖರ್ಜೂರಗಳಲ್ಲಿ ಬಹಳಷ್ಟು ಅಂಗಾಂಶ ಕೃಷಿಯಿಂದ ಬಂದ, ಒಂದೇ ತಾಯಿಯ ತದ್ರೂಪಿ ಸಸಿಗಳು. ಸುತ್ತು ವಂಶದಿಂದ ಬರುವುದಿಲ್ಲ ಎಂದಾದರೆ ಆ ತದ್ರೂಪಿಗಳ ಸಾಲಿನಲ್ಲೂ ಅರ್ಧರ್ಧವೇ ಕಾಣಬೇಕು. ಸಸಿಗಳು ಎಲ್ಲಿಂದ ಬಂದವು ಎಂದು ಪುರಸಭೆಯ ತೋಟಗಾರರನ್ನು ಕೇಳಿ, ಬೀಜದ ಅಥವಾ ಬುಡದ ಮರಿಯಿಂದ ಬೆಳೆದ ಹಳೆಯ ತೋಟದ ಮರಗಳನ್ನು ಇನ್ನೊಂದು ಹಾಳೆಯಲ್ಲಿ ಎಣಿಸಿದರೆ ಎರಡು ಸಾಲು, ಎರಡು ಕಂಬಸಾಲಿನ ಕೋಷ್ಟಕ ಸಿದ್ಧ. ಕೆಲಸಕ್ಕೆ ನವೆಂಬರ್ ನಂತರದ ಬೆಳಗು ಒಳ್ಳೆಯದು, ಜೂನ್‌ನಲ್ಲಿ ಮಕ್ಕಳನ್ನು ಆ ಬಿಸಿಲಿಗೆ ಕಳಿಸಬೇಡಿ.